ಕಾನೂನಿಗಿಂತ ಮೊದಲು ಬಂದ ಪದವಿ

ಬಾಟಲಿಗೆ ಅಂಟಿಸಿದ ಅಳತೆಯ ಕಾಗದಪಟ್ಟಿ, ಒಳಗೆ ಗುಲಾಬಿ ಬಣ್ಣದ ಮಿಕ್ಸ್ಚರ್, ಅದನ್ನು ಅಲ್ಲಾಡಿಸಿ ಕೈಗಿಡುವ ಕಾಂಪೌಂಡರ್: ಬಹುಕಾಲ ನಮ್ಮ ಜನ ಕಂಡ ಔಷಧಶಾಸ್ತ್ರ ಇಷ್ಟೇ. ಆ ಬಾಟಲಿಗೆ ಬೀಳುವ ಪುಡಿ ಅಸಲಿಯೇ ಎಂದು ನೋಡುವವರು ಯಾರು? ಮಲೇರಿಯಾ ಊರೂರನ್ನೇ ಮಲಗಿಸುತ್ತಿದ್ದ ದಿನಗಳಲ್ಲಿ ಕ್ವಿನೈನ್‌ಗೂ ಕಲಬೆರಕೆ ನುಗ್ಗಿತ್ತು. ದೂರುಗಳು ಹೆಚ್ಚಿದ ಮೇಲೆ 1930ರಲ್ಲಿ ಸರ್ಕಾರ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಮರುವರ್ಷವೇ ವರದಿ ಬಂತು: ಔಷಧಕ್ಕೆ ಕಾನೂನು ಬೇಕು, ಕಲಿತ ಕೈಗಳೂ ಬೇಕು.

ಕಾನೂನು ಬರಲು 1940 ಆಯಿತು. ಕಾಶಿ ಅಷ್ಟು ಕಾಯಲಿಲ್ಲ.

ಬನಾರಸ್ ಹಿಂದೂ ವಿಶ್ವವಿದ್ಯಾಲಯ ಆಗಿನ್ನೂ ಹದಿನಾರರ ಹರೆಯದ್ದು. ಅದರ ಮೊದಲ ಕುಲಾಧಿಪತಿ ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಎಂಬುದನ್ನು ಇಲ್ಲಿ ಹೆಮ್ಮೆಯಿಂದಲೇ ನೆನೆಯುತ್ತೇನೆ. ಅಮೆರಿಕದಲ್ಲಿ ಓದಿ ಬಂದಿದ್ದ ಮಹಾದೇವ ಲಾಲ್ ಶ್ರಾಫ್ ಅವರಿಗೆ ವಿಶ್ವವಿದ್ಯಾಲಯದ ಸ್ಥಾಪಕ ಮದನ ಮೋಹನ ಮಾಳವೀಯರ ಬೆಂಬಲ ಸಿಕ್ಕಿತು. 1932ರಲ್ಲಿ ಬಿ.ಎಸ್ಸಿ. ತರಗತಿಯೊಳಗೆ ಔಷಧ ರಸಾಯನಶಾಸ್ತ್ರ ಒಂದು ವಿಷಯವಾಗಿ ಸೇರಿತು. 1937ಕ್ಕೆ ಅದೇ ಬೆಳೆದು ಮೂರು ವರ್ಷದ ಬಿ.ಫಾರ್ಮ್. ಆಯಿತು.

ಆ ಮೊದಲ ತರಗತಿಗಳ ಹುಡುಗರನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಪದವಿ ಪಡೆದವನೇ ಔಷಧಿ ಕೊಡಬೇಕೆಂಬ ನಿಯಮ ಇರಲಿಲ್ಲ. 'ಫಾರ್ಮಸಿಸ್ಟ್' ಎಂದರೆ ಯಾರೆಂದು ಹೇಳುವ ಕಾಯ್ದೆ ಬಂದದ್ದೇ 1948ರಲ್ಲಿ. ಮನೆಯವರು "ಇಷ್ಟು ಓದಿ ಕಾಂಪೌಂಡರ್ ಆಗ್ತೀಯಾ?" ಎಂದು ಕೇಳಿದ್ದರೆ ಕೊಡಲು ಉತ್ತರವೂ ಇರಲಿಲ್ಲ. ಆದರೂ ಬೇರು-ತೊಗಟೆಗಳನ್ನು ಸೂಕ್ಷ್ಮದರ್ಶಕದಡಿ ಗುರುತಿಸಲು, ಸತ್ವ ತೆಗೆದು ತೂಗಲು ಕಲಿತರು.

ಪಾಠವಷ್ಟೇ ಸಾಲದೆಂದು ಶ್ರಾಫ್ ಅರಿತಿದ್ದರು. ವೃತ್ತಿಯವರನ್ನು ಸಂಘವಾಗಿ ಕಟ್ಟಿದರು, 1939ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಫಾರ್ಮಸಿ' ಹೊರಡಿಸಿದರು. ಕಟ್ಟಡಗಳಿಗಿಂತ ಈ ಪತ್ರಿಕೆಯನ್ನೇ ನಾನು ದೊಡ್ಡದೆನ್ನುತ್ತೇನೆ. ಚದುರಿ ಕೆಲಸ ಮಾಡುತ್ತಿದ್ದವರು ಒಬ್ಬರನ್ನೊಬ್ಬರು ಓದಲು ಅದರಿಂದ ಸಾಧ್ಯವಾಯಿತು. 1940ರಲ್ಲಿ ಎಂ.ಫಾರ್ಮ್. ಕೂಡ ಶುರುವಾಯಿತು. ಮುಂದೆ ಅವರು ಪಿಲಾನಿಗೆ ಹೋಗಿ ಅಲ್ಲಿಯೂ ಔಷಧ ಶಿಕ್ಷಣಕ್ಕೆ ಬುನಾದಿ ಹಾಕಿದರು.

ಕಾಶಿಯ ಔಷಧ ವಿಭಾಗ 1968ರಲ್ಲಿ ವಿಶ್ವವಿದ್ಯಾಲಯದ ತಂತ್ರಜ್ಞಾನ ಸಂಸ್ಥೆಯೊಳಗೆ ಸೇರಿತು. ಆ ಸಂಸ್ಥೆ 2012ರಲ್ಲಿ ಐಐಟಿ ಆಯಿತು. ಹೆಸರು ಈಗ ಔಷಧ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ವಿಭಾಗ. ಶ್ರಾಫ್ ಹುಟ್ಟಿದ ಮಾರ್ಚ್ 6 ಇಂದು ದೇಶದ ಫಾರ್ಮಸಿ ಕಾಲೇಜುಗಳಿಗೆ ಔಷಧ ಶಿಕ್ಷಣ ದಿನ.