ಬ್ರಿಸ್ಟಲ್‌ನ ಪ್ರಾಧ್ಯಾಪಕರೂ ನಮ್ಮ ಕಂಬಳದ ಕೋಣಗಳೂ

ಕೊಚ್ಚಿಯಲ್ಲಿ ನಾವು ನಾಲ್ಕು ಮಂದಿ ಕನ್ನಡಿಗರು ಸೇರಿ ಊರಿನ ಕಂಬಳದ ಮಾತೆತ್ತಿದೆವೆಂದರೆ ಅದು ಬೇಗನೆ ಕೋರ್ಟಿನ ಮಾತಾಗುತ್ತದೆ. ಕೋಣಕ್ಕೆ ಬೆತ್ತ ತಾಗಬಾರದೆಂದು ಒಬ್ಬರು, ಗದ್ದೆಯ ಕಷ್ಟ ಅರಿಯದವರ ತೀರ್ಪದು ಎಂದು ಇನ್ನೊಬ್ಬರು. ಈ ವಾದದ ಬೇರು ಇಂಗ್ಲೆಂಡಿನ ಒಬ್ಬ ಪಶುವೈದ್ಯ ಪ್ರಾಧ್ಯಾಪಕರ ಕೊಟ್ಟಿಗೆಯಲ್ಲಿದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ಅವರ ಹೆಸರು ಜಾನ್ ವೆಬ್‌ಸ್ಟರ್. 1977ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾನಿಲಯದಲ್ಲಿ ಪಶುಸಂಗೋಪನೆಯ ಪ್ರಾಧ್ಯಾಪಕರಾದರು. ಮಾಂಸಕ್ಕಾಗಿ ಕರುಗಳನ್ನು ತಿರುಗಲೂ ಆಗದ ಇಕ್ಕಟ್ಟಿನ ಗೂಡುಗಳಲ್ಲಿ ಬೆಳೆಸುತ್ತಿದ್ದ ಕಾಲವದು. ವೆಬ್‌ಸ್ಟರ್ ಬರಿದೆ ಖಂಡಿಸಲಿಲ್ಲ. ಬೇರೆ ರೀತಿಯಲ್ಲಿ ಕರು ಸಾಕುವುದು ಹೇಗೆಂದು ಪ್ರಯೋಗ ಮಾಡಿದರು. 1990ರಲ್ಲಿ ಬ್ರಿಟನ್ ಆ ಗೂಡುಗಳನ್ನು ನಿಷೇಧಿಸಿತು. ಅಷ್ಟರಲ್ಲಿ, 1965ರ ಬ್ರಾಂಬೆಲ್ ಸಮಿತಿ ಹೇಳಿದ್ದ ಏಳುವ, ಮಲಗುವ, ತಿರುಗುವ, ಮೈ ನೆಕ್ಕಿಕೊಳ್ಳುವ, ಕೈಕಾಲು ಚಾಚುವ ಸ್ವಾತಂತ್ರ್ಯಗಳನ್ನು ವಿಸ್ತರಿಸುವ ಕೆಲಸ 1979ರಲ್ಲಿ ಹುಟ್ಟಿದ ಸರಕಾರಿ ಸಲಹಾ ಮಂಡಳಿಯಲ್ಲಿ ಆರಂಭವಾಗಿತ್ತು. ವೆಬ್‌ಸ್ಟರ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬರು. ಹಸಿವು ಬಾಯಾರಿಕೆ, ಅನನುಕೂಲ, ನೋವು ರೋಗ, ಭಯ ಸಂಕಟ ಇವುಗಳಿಂದ ಬಿಡುಗಡೆ. ಜೊತೆಗೆ ಸಹಜವಾಗಿ ನಡೆದುಕೊಳ್ಳುವ ಅವಕಾಶ: ಇವೇ ‘ಐದು ಸ್ವಾತಂತ್ರ್ಯ’ಗಳು. ಇವೆಲ್ಲವನ್ನೂ ಪೂರ್ತಿಯಾಗಿ ಒದಗಿಸುವುದು ಸಾಧ್ಯವಿಲ್ಲವೆಂದು ವೆಬ್‌ಸ್ಟರ್ ತಾವೇ ಒಪ್ಪಿದ್ದರು. ಕೊಟ್ಟಿಗೆಗೆ ಹೋದವನು ಏನೇನು ನೋಡಬೇಕೆಂಬ ಪಟ್ಟಿ ಅದು, ಮಂತ್ರವಲ್ಲ.

ನಮ್ಮಲ್ಲಿ ಅದು ಮಂತ್ರವಾಯಿತು. ಮಂತ್ರ ಹಾಕಿದವರು ಮಲೆಯಾಳಿ ನ್ಯಾಯಾಧೀಶರು. ಕೊಚ್ಚಿಯ ಹೈಕೋರ್ಟಿಗೆ ಈ ವಿಷಯ ಹೊಸದಾಗಿರಲಿಲ್ಲ. 2000ದಲ್ಲಿ ಎನ್. ಆರ್. ನಾಯರ್ ಮೊಕದ್ದಮೆಯಲ್ಲಿ ಅದು ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಕರಡಿ, ಕೋತಿ, ಚಿರತೆ ಕುಣಿಸುವುದರ ಮೇಲಿನ ನಿಷೇಧವನ್ನು ಎತ್ತಿಹಿಡಿಯಿತು. ಮರುವರ್ಷ ಸುಪ್ರೀಂ ಕೋರ್ಟು ಅದನ್ನು ಸಮ್ಮತಿಸಿತು. ಸರ್ಕಸ್ಸಿನ ತವರಾದ ಕೇರಳದಿಂದಲೇ ಈ ತೀರ್ಪು ಬಂದದ್ದು ಗಮನಾರ್ಹ. ಅದೇ ಹೈಕೋರ್ಟಿನಲ್ಲಿ ಹಿಂದೆ ನ್ಯಾಯಾಧೀಶರಾಗಿದ್ದ ಕೆ. ಎಸ್. ರಾಧಾಕೃಷ್ಣನ್ ಅವರು 2014ರ ಮೇ 7ರಂದು, ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗುವ ಹೊಸ್ತಿಲಲ್ಲಿ, ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಲ್ಲಿಸಿದರು. ಐದು ಸ್ವಾತಂತ್ರ್ಯಗಳು ಪ್ರಾಣಿಗಳಿಗೆ, ಪ್ರಜೆಗಳಿಗೆ ಮೂಲಭೂತ ಹಕ್ಕುಗಳಿದ್ದಂತೆ ಎಂದರು. ಕಂಬಳಕ್ಕೂ ಅದರ ಬಿಸಿ ತಟ್ಟಿತು. 2016ರಲ್ಲಿ ಕರ್ನಾಟಕ ಹೈಕೋರ್ಟಿನ ಮಧ್ಯಂತರ ಆಜ್ಞೆಯಿಂದ ಕಂಬಳಗಳು ನಿಂತವು. 2017ರ ತಿದ್ದುಪಡಿ ಅವಕ್ಕೆ ಮತ್ತೆ ದಾರಿಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕೆಂಬುದಕ್ಕೆ ಪೂರ್ವನಿದರ್ಶನವಿಲ್ಲ, ನೋವು ಕಡಿಮೆ ಮಾಡುವ ನಿಯಮಗಳು ಬಂದಿವೆ ಎಂದಿತು. ಆ ಪೀಠದ ಅಧ್ಯಕ್ಷರು ಕೆ. ಎಂ. ಜೋಸೆಫ್, ಅವರೂ ಹಿಂದೆ ಇದೇ ಕೊಚ್ಚಿಯಲ್ಲಿ ನ್ಯಾಯಾಧೀಶರಾಗಿದ್ದವರೇ!

ನಮ್ಮ ಮಟ್ಟಿಗೆ, ಪಟ್ಟಿಯನ್ನು ಹಕ್ಕೆಂದು ಘೋಷಿಸುವುದಕ್ಕಿಂತ ಪಟ್ಟಿ ಹಿಡಿದು ನೋಡುವ ಪಶುವೈದ್ಯರು ಇರುವುದು ಹೆಚ್ಚಿನದು. ಸಾಕಾನೆಗಳ ಆಹಾರ, ವಿಶ್ರಾಂತಿ, ಸಾಗಾಟಕ್ಕೆ ತಿರುವನಂತಪುರದ ಸರಕಾರ 2003ರಲ್ಲೂ 2012ರಲ್ಲೂ ನಿಯಮ ಮಾಡಿದೆ. ನಿಯಮವಿದ್ದೂ ಆನೆಗಳ ಪಾಡು ಸುಧಾರಿಸದೆ, 2024ರ ನವೆಂಬರಿನಲ್ಲಿ ಹೈಕೋರ್ಟು ಎರಡು ಆನೆಗಳ ನಡುವೆ 3 ಮೀಟರ್ ಅಂತರವಿರಬೇಕೆಂದು ಅಳತೆ ಹಾಕಿತು. ತ್ರಿಶ್ಶೂರಿನ ದೇವಸ್ವಗಳು ದಿಲ್ಲಿಗೆ ಹೋದವು, ಡಿಸೆಂಬರಿನಲ್ಲಿ ತಡೆಯಾಜ್ಞೆ ಬಂತು.

ಇನ್ನೊಂದು ಮಾತು. ಅಣ್ಣ-ತಮ್ಮ ಕಂಬಳಕ್ಕೆ ಹೆಸರಾದ ಪೈವಳಿಕೆ ಕಾಸರಗೋಡು ಜಿಲ್ಲೆಯಲ್ಲಿದೆ, ಅಂದರೆ ಕೇರಳದಲ್ಲಿ. ಕರ್ನಾಟಕದ ತಿದ್ದುಪಡಿ ಗಡಿ ದಾಟಿ ಅಲ್ಲಿಗೆ ಬರುವುದಿಲ್ಲ. ಅಲ್ಲಿನ ಕೋಣಗಳ ಹಣೆಬರಹ ಬರೆಯಬೇಕಾದವರು ತಿರುವನಂತಪುರದವರು.