ಹೆರಿಗೆಕೋಣೆಯೊಳಗಿನ ಜೊತೆಯವರು

ಗರ್ಭಿಣಿಯ ಮನಸ್ಸನ್ನು ಹೆರಿಗೆಗೆ ಅಣಿಗೊಳಿಸುವ ಕ್ರಮಗಳನ್ನು ಕುರಿತ ಹಳೆಯ ಉಲ್ಲೇಖಗಳನ್ನು ಒಟ್ಟಾಗಿ ಓದಿದರೆ, ಅವು ಹೆರಿಗೆ ಹೇಗೆ ಆಗಬೇಕೆಂಬುದಕ್ಕಿಂತ ಆ ಹೊತ್ತಿನಲ್ಲಿ ಆಕೆಯ ಬಳಿ ಯಾರಿರಬೇಕೆಂಬುದಕ್ಕೇ ಹೆಚ್ಚು ಗಮನ ಕೊಟ್ಟಿರುವುದು ಕಾಣುತ್ತದೆ. ಆಯುರ್ವೇದದ ಗ್ರಂಥವಾದ ಚರಕಸಂಹಿತೆಯ ಶಾರೀರಸ್ಥಾನವು ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗಾರವನ್ನು, ಅಂದರೆ ಹೆರಿಗೆಗೆಂದೇ ಮೀಸಲಾದ ಮನೆಯನ್ನು, ಕಟ್ಟಿಸಿ ತುಪ್ಪ, ಎಣ್ಣೆ, ಒರಳು, ಸೂಜಿ ಮೊದಲಾದುವನ್ನು ಕೂಡಿಡಬೇಕೆಂದು ಹೇಳಿ, ಅದರೊಡನೆಯೇ ಹಲವು ಬಾರಿ ಹೆತ್ತ, ಅಕ್ಕರೆಯುಳ್ಳ, ಎದೆಗುಂದದ, ಕಷ್ಟ ತಾಳಬಲ್ಲ ಹೆಂಗಸರು ಅಲ್ಲಿರಬೇಕೆಂದು ವಿಧಿಸುತ್ತದೆ. ನೋವು ಬಂದಾಗ ಬಸುರಿಯ ಕೈಗೆ ಒನಕೆ ಕೊಟ್ಟು ಧಾನ್ಯ ಕುಟ್ಟಿಸಬೇಕೆಂಬ ಕೆಲವರ ಮತವನ್ನು ಸಂಹಿತೆಯ ಉಪದೇಶಕನಾದ ಆತ್ರೇಯನು ಅಲ್ಲಿಯೇ ತಳ್ಳಿಹಾಕುತ್ತಾನೆ. ನೋವಿಲ್ಲದೆ ಮುಕ್ಕಬಾರದೆಂದು ತಿಳಿಹೇಳುವುದೂ, ಆಕೆಗೆ ಹಿತವಾದ ಹೆಂಗಸೊಬ್ಬಳು ಕಿವಿಯಲ್ಲಿ ಮಂತ್ರವನ್ನು ಜಪಿಸುವುದೂ ಅದೇ ಪ್ರಕರಣದಲ್ಲಿ ಬರುತ್ತವೆ.

ಮನೆಯ ಸಂಸ್ಕಾರಗಳ ವಿಧಿಯನ್ನು ಹೇಳುವ ಗೃಹ್ಯಸೂತ್ರಗಳ ದಾರಿ ಬೇರೆ. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ನಾಲ್ಕನೆಯ ತಿಂಗಳಲ್ಲಿ ನಡೆಯುವ ಸೀಮಂತೋನ್ನಯನದಲ್ಲಿ, ಅಂದರೆ ಗರ್ಭಿಣಿಯ ಬೈತಲೆ ತೆಗೆಯುವ ಸಂಸ್ಕಾರದಲ್ಲಿ, ಗಂಡನು ಮೂರು ಬಿಳಿಯ ಗುರುತುಗಳಿರುವ ಮುಳ್ಳುಹಂದಿಯ ಮುಳ್ಳು, ಎಳೆಗಾಯಿಗಳ ಗೊಂಚಲು ಮತ್ತು ದರ್ಭೆಯಿಂದ ಆಕೆಯ ಕೂದಲನ್ನು ಮೇಲಕ್ಕೆ ಬಾಚುತ್ತಾನೆ, ವೀಣೆಯವರಿಬ್ಬರು ಹಾಡುತ್ತಾರೆ. ಇಷ್ಟೆಲ್ಲ ವಿಧಿಯ ಕೊನೆಗೆ, ಗಂಡನೂ ಮಕ್ಕಳೂ ಬದುಕಿರುವ ಹಿರಿಯ ಬ್ರಾಹ್ಮಣ ಸ್ತ್ರೀಯರು ಏನು ಹೇಳುತ್ತಾರೋ ಅದನ್ನೆಲ್ಲ ಮಾಡಬೇಕೆಂದು ಸೂತ್ರವು ಅವರ ಮಾತಿಗೆ ಮಣಿಯುತ್ತದೆ. ಆದರೆ ಚರಕನು ಅನುಭವವನ್ನೂ ಸ್ವಭಾವವನ್ನೂ ಕೇಳಿದಲ್ಲಿ ಸೂತ್ರಕಾರನು ಮುತ್ತೈದೆತನವನ್ನು ಕೇಳಿದ್ದಾನೆ. ಮುಂದೆ ವಿಧವೆಯರನ್ನೂ ಮಕ್ಕಳಿಲ್ಲದವರನ್ನೂ ಇಂಥ ಶುಭಕಾರ್ಯಗಳಿಂದ ದೂರವಿಟ್ಟ ಕ್ರೂರ ರೂಢಿ ಈ ಎರಡನೆಯ ಜಾಡಿನದೇ.

ಕನ್ನಡನಾಡಿನಲ್ಲಿ ಸೀಮಂತವು ಉತ್ತರದ ಕಡೆ ಕುಬಸವಾಗಿ, ಕರಾವಳಿಯಲ್ಲಿ ಹೂಮುಡಿಸುವ ಶಾಸ್ತ್ರವಾಗಿ ರೂಪ ಬದಲಿಸಿಕೊಂಡರೂ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಬಯಕೆಯ ಊಟ ಬಡಿಸಿ, ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವ ಕ್ರಮ ಬಹುಮಟ್ಟಿಗೆ ಒಂದೇ. ಹಾಗೆ ತವರಿಗೆ ಬಂದವಳಿಗೆ ತಾಯಿಯೊಡನೆ ಸಿಗುತ್ತಿದ್ದವಳು ಸೂಲಗಿತ್ತಿ. ಹೆರಿಗೆಯ ಸೂತಕವಾದ ಪುರುಡಿನ ಕಾರಣದಿಂದ ಆಕೆಯ ಕಸುಬನ್ನು ಕೀಳೆಂದೆಣಿಸಿದ ಊರೇ ನೋವು ಬಂದ ರಾತ್ರಿ ಆಕೆಯನ್ನು ಕರೆಯದೆ ಇರಲಾರದಾಗಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ (1920–2018) 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ಹೆಸರಾಗಿ, 2018ರಲ್ಲಿ ಪದ್ಮಶ್ರೀ ಪಡೆದರು. ಆದರೂ ರಕ್ತಸ್ರಾವ ನಿಲ್ಲದಿದ್ದಾಗ ಅಥವಾ ಮಗು ಅಡ್ಡವಾದಾಗ ಮನೆಯ ಹೆರಿಗೆಯಲ್ಲಿ ಮಾಡಬಹುದಾದದ್ದು ಬಹಳ ಕಡಿಮೆ ಎಂಬುದನ್ನು ಮರೆತು ಆ ಕಾಲವನ್ನು ಕೊಂಡಾಡುವುದು ಸಲ್ಲದು.

ಬೆಂಗಳೂರಿನಲ್ಲಿ 1935ರಲ್ಲಿ ಆರಂಭವಾದ ವಾಣಿವಿಲಾಸದಂಥ ಆಸ್ಪತ್ರೆಗಳು ಆ ಕೊರತೆಯನ್ನು ತುಂಬತೊಡಗಿದವು. 2005ರ ಜನನಿ ಸುರಕ್ಷಾ ಯೋಜನೆಯ ಧನಸಹಾಯದ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆರುವುದು ಸರ್ಕಾರದ ಗುರಿಯೇ ಆಗಿತ್ತು. ಜೀವ ಉಳಿಸುವ ದೃಷ್ಟಿಯಿಂದ ಇದು ದೊಡ್ಡ ಲಾಭವಾದರೂ, ಬಳೆ, ಮಡಿಲು, ಬಯಕೆಗಳೆಲ್ಲ ಮನೆಯಲ್ಲಿ ಎಂದಿನಂತೆ ನಡೆದು, ನೋವು ಶುರುವಾದ ಮೇಲೆ ಮಾತ್ರ ತಾಯಿ, ಅತ್ತೆ, ಅಕ್ಕಂದಿರು ಬಾಗಿಲಾಚೆಯ ಬೆಂಚಿನ ಮೇಲೆ ಉಳಿಯಬೇಕಾದ ಸ್ಥಿತಿ ಹಲವೆಡೆ ಬಂದಿತು. ಅಮೆರಿಕದಲ್ಲಿ ಪೆನ್ನಿ ಸಿಮ್ಕಿನ್ ಮತ್ತು ಕಾರ್ಲಾ ರೈಂಕಿ 1980ರಲ್ಲಿ ಕಿರುಪುಸ್ತಕವೊಂದರ ಮೂಲಕ ಪ್ರಚಾರಕ್ಕೆ ತಂದ ಬರ್ತ್ ಪ್ಲಾನ್, ಅಂದರೆ ಹೆರಿಗೆಯ ಬಗ್ಗೆ ಬಸುರಿಯು ತನ್ನ ಇಷ್ಟಾನಿಷ್ಟಗಳನ್ನು ಬರೆದಿಟ್ಟುಕೊಳ್ಳುವ ಪತ್ರ, ಇಂಥದೇ ಆಸ್ಪತ್ರೆಯ ಕಟ್ಟುಪಾಡುಗಳಿಗೆ ಅಲ್ಲಿ ಹುಟ್ಟಿದ ಉತ್ತರ. ಆದರೆ ಸಿಸೇರಿಯನ್ ಅನಿವಾರ್ಯವಾದ ಗಳಿಗೆಯಲ್ಲಿ ಪತ್ರದ ಹಲವು ಸಾಲುಗಳು ಕೆಲಸಕ್ಕೆ ಬಾರದೆ ಹೋಗಬಹುದು. ಕೈ ಹಿಡಿದು ಕೂತವರ ಉಪಯೋಗ ಆಗಲೂ ಮುಗಿಯುವುದಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆಕೋಣೆಗೆ ಜೊತೆಗಾತಿಯೊಬ್ಬಳನ್ನು ಬಿಡಲು ಒಪ್ಪಿದಾಗ, ಆಕೆ ಬಂಧುವಾಗಿರಬೇಕು, ಸಾಧ್ಯವಾದರೆ ತಾನೂ ಹೆತ್ತವಳಾಗಿರಬೇಕು ಎಂದು ಸೂಚಿಸಿತು. ಗಂಡನಿಗೆ ಪ್ರವೇಶ ದೊರೆಯುವುದು ಕೋಣೆಯಲ್ಲಿ ಇತರ ಹೆಂಗಸರ ಮರ್ಯಾದೆ ಕಾಯುವಷ್ಟು ಮರೆಯಿದ್ದಲ್ಲಿ ಮಾತ್ರ; ಸಾಲಾಗಿ ಮಂಚಗಳನ್ನು ಹಾಕಿ ನಡುವೆ ಪರದೆಯೂ ಇಲ್ಲದ ಕೋಣೆಗಳಲ್ಲಿ ಅವನು ಹೊರಗೇ ಕಾಯಬೇಕಾಗುತ್ತದೆ.