ಮಾರಿಕಣಿವೆಯ ಕೋಡಿ

ಭೂಮಿಯ ಮೇಲಿನ ನೀರು ಸುಮಾರು 138 ಕೋಟಿ ಘನ ಕಿಲೋಮೀಟರು. ಬಹು ಕಾಲದಿಂದ ಈ ಮೊತ್ತ ಹೆಚ್ಚು ಕಡಿಮೆ ಅಷ್ಟೇ ಇದೆ ಎನ್ನುತ್ತಾರೆ ವಿಜ್ಞಾನಿಗಳು. ಹಿರಿಯೂರಿನ ರೈತನಿಗೆ ಈ ಲೆಕ್ಕದಿಂದ ಸಮಾಧಾನವಾಗದು. ಅವನ ಲೆಕ್ಕವೆಲ್ಲ ಮಾರಿಕಣಿವೆಯ ಅಡಿಗಳದ್ದು. 130 ಅಡಿ ದಾಟಿದರೆ ಕೋಡಿ.

ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟು ಕನ್ನಂಬಾಡಿಗಿಂತ ಹಿರಿಯದು. ರೀಜೆಂಟ್ ಮಹಾರಾಣಿಯವರ ಹೆಸರಿನಿಂದ ವಾಣಿವಿಲಾಸ ಸಾಗರವಾಯಿತು. ಜನರ ಬಾಯಲ್ಲಿ ಮಾತ್ರ ಕಣಿವೆ ಮಾರಮ್ಮನ ಹೆಸರೇ ನಿಂತಿತು. ಕಟ್ಟಿದ್ದು 30 ಟಿ.ಎಂ.ಸಿ. ನೀರಿಗೆ. ಆದರೆ 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ!

ನದಿ ಹುಟ್ಟುವುದು ಬಾಬಾಬುಡನ್‌ಗಿರಿಯ ಮಳೆಯಲ್ಲಾದರೂ ಮುಂದೆ ಹಾಯುವುದು ಕಡೂರು, ಹೊಸದುರ್ಗದ ಬಯಲುಸೀಮೆಯನ್ನು. ಅಲ್ಲಿನ ಕೆರೆಕಟ್ಟೆಗಳು ತಮ್ಮ ಪಾಲು ಹಿಡಿದ ಮೇಲೆ ಉಳಿದದ್ದು ಕಣಿವೆಗೆ. ಮೇಲಿನವರದು ತಪ್ಪೆನ್ನಲಾದೀತೆ? ಅವರದೂ ಬರದ ನಾಡೇ. 2017ರ ಹೊತ್ತಿಗೆ ಜಲಾಶಯ ತಳ ಕಂಡಿತ್ತು.

2019ರಿಂದ ಭದ್ರೆಯ ನೀರನ್ನು ಪಂಪುಗಳಿಂದ ಎತ್ತಿ ವೇದಾವತಿಗೆ ಹರಿಸತೊಡಗಿದರು. 2022ರಲ್ಲಿ ಮಳೆಯೂ ಕೂಡಿಬಂತು. ಭೂಮಿಯ ಲೆಕ್ಕಕ್ಕೆ ಹನಿಯೂ ಹೆಚ್ಚಲಿಲ್ಲ. ಭದ್ರೆಯ ಹಾದಿಯಲ್ಲಿ ತುಂಗಭದ್ರೆಗೆ ಹೋಗುತ್ತಿದ್ದ ನೀರು ದಾರಿ ಬದಲಿಸಿತು, ಅಷ್ಟೆ. 2025ರ ಜನವರಿಯಲ್ಲಿ ಮತ್ತೆ ಕೋಡಿ. ಕಣಿವೆಯ ಕೆಳಗಿನವರಿಗೆ ಅದು ಬಾಗಿನದ ಸಂಭ್ರಮ. ಹೊಸದುರ್ಗದ ಹಿನ್ನೀರಿನ ಹಳ್ಳಿಗಳಲ್ಲಿ ನೀರು ನಿಂತದ್ದು ರೈತರ ತೋಟದೊಳಗೆ.